ಟೆಕ್ಸೋಮಾ ಸರೋವರದ ನೀಲಿ ಕ್ಯಾಟ್‌ಫಿಶ್: ಗೈಡ್ ಜೊತೆ ಗಾಳ ಹಾಕುವ ದಿನದ ಹಿಂದಿನ ಲೆಕ್ಕಾಚಾರ

ಅಮೆರಿಕದ ಟೆಕ್ಸಸ್ ಮತ್ತು ಒಕ್ಲಹೋಮ ರಾಜ್ಯಗಳ ಗಡಿಯಲ್ಲಿ ಹರಿಯುವ ರೆಡ್ ನದಿಗೆ ಡೆನಿಸನ್ ಊರಿನ ಬಳಿ ಕಟ್ಟಿದ ಅಣೆಕಟ್ಟು 1944ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರೇ ಟೆಕ್ಸೋಮಾ ಸರೋವರ. ವಾಷಿಟಾ ಎಂಬ ಇನ್ನೊಂದು ನದಿಯೂ ಬಂದು ಸೇರುವ ಈ ಜಲಾಶಯ 300 ಚದರ ಕಿಲೋಮೀಟರಿಗೂ ಹೆಚ್ಚು ವಿಸ್ತಾರವಾಗಿ, ಹತ್ತಾರು ಕವಲುಗಳಾಗಿ ಎರಡೂ ರಾಜ್ಯಗಳೊಳಗೆ ಚಾಚಿಕೊಂಡಿದೆ. ಡಲ್ಲಾಸ್‌ನ ಉತ್ತರಕ್ಕಿರುವ ಪ್ಲೇನೊ, ಫ್ರಿಸ್ಕೊ ಮುಂತಾದ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ವಾರಾಂತ್ಯದಲ್ಲಿ ಸುಲಭವಾಗಿ ಹೋಗಿಬರಬಹುದಾದ ಜಾಗ. ಅಲ್ಲಿ ಹಣ ಪಡೆದು ಜನರನ್ನು ತಮ್ಮ ದೋಣಿಯಲ್ಲಿ ಮೀನು ಹಿಡಿಯಲು ಕರೆದೊಯ್ಯುವ ಗೈಡ್‌ಗಳಿದ್ದಾರೆ. ದೋಣಿ, ಕೋಲು, ಗಾಳ, ಎರೆ ಎಲ್ಲವನ್ನೂ ಅವರೇ ಒದಗಿಸುತ್ತಾರೆ. ಹೆಚ್ಚಿನವರು ಸ್ಟ್ರೈಪ್ಡ್ ಬಾಸ್ ಎಂಬ ಮೀನಿನ ಹಿಂದೆ ಹೋಗುವವರು. ರೆಡ್ ನದಿ ಮೇಲ್ಭಾಗದ ಉಪ್ಪು ನೆಲಗಳಿಂದ ಹೊತ್ತು ತರುವ ಲವಣದಿಂದಾಗಿ ಈ ಸರೋವರದ ನೀರು ತುಸು ಉಪ್ಪಾಗಿದ್ದು, ಸಮುದ್ರಮೂಲದ ಆ ಮೀನು ಇಲ್ಲಿ ತಾನಾಗಿಯೇ ಮರಿ ಮಾಡುತ್ತದೆ. ಆದರೆ ಚಳಿ ಬಲವಾದ ಮೇಲೆ ಕೆಲವು ದೋಣಿಗಳು ಬೇರೊಂದು ಮೀನನ್ನು ಹುಡುಕಿ ಹೊರಡುತ್ತವೆ. ಅದು ನೀಲಿ ಕ್ಯಾಟ್‌ಫಿಶ್.

ಹೊರಗಿನಿಂದ ನೋಡುವವರಿಗೆ ಇದು ಅದೃಷ್ಟದ ಆಟದಂತೆ ಕಾಣುತ್ತದೆ. ಹತ್ತಿರದಿಂದ ಗಮನಿಸಿದರೆ ಹಾಗಲ್ಲ ಎಂದು ತಿಳಿಯುತ್ತದೆ. ಯಾವ ತಿಂಗಳಲ್ಲಿ ಹೋಗಬೇಕು, ಎಷ್ಟು ಆಳದಲ್ಲಿ ಹುಡುಕಬೇಕು, ಯಾವ ಆಕಾರದ ಗಾಳ ಕಟ್ಟಬೇಕು, ಹಿಡಿದ ಮೀನುಗಳಲ್ಲಿ ಯಾವುದನ್ನು ಮನೆಗೆ ಒಯ್ಯಬೇಕು, ಯಾವುದನ್ನು ನೀರಿಗೆ ಬಿಡಬೇಕು ಎಂಬ ಪ್ರತಿಯೊಂದು ತೀರ್ಮಾನಕ್ಕೂ ಆ ಮೀನಿನ ದೇಹರಚನೆಯಲ್ಲೋ ಆಯುಷ್ಯದಲ್ಲೋ ಕಾರಣವಿದೆ. ಗೈಡ್‌ಗೆ ನಾವು ಕೊಡುವ ಹಣದಲ್ಲಿ ದೊಡ್ಡ ಪಾಲು ಸಲ್ಲುವುದು ಈ ತಿಳಿವಳಿಕೆಗೆ.

ನೀಲಿ ಕ್ಯಾಟ್‌ಫಿಶ್‌ನ ವೈಜ್ಞಾನಿಕ ಹೆಸರು ಇಕ್ಟಾಲುರಸ್ ಫರ್ಕೇಟಸ್. ಮಿಸಿಸಿಪಿ, ಮಿಸೌರಿ, ಒಹಾಯೊ ಮತ್ತು ರಿಯೊ ಗ್ರಾಂಡೆ ನದಿಗಳ ಜಲಾನಯನ ಪ್ರದೇಶ ಇದರ ಮೂಲ ನೆಲೆ. ನಮ್ಮ ಕೆರೆಗಳ ಮುರುಗೋಡು ಮೀನಿನಂತೆ ಇದಕ್ಕೂ ಪೊರೆಗಳಿಲ್ಲ, ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆಗಳಿವೆ. ಬೆನ್ನು ನೀಲಿ ಬೆರೆತ ಬೂದು ಬಣ್ಣ, ಹೊಟ್ಟೆ ಬಿಳಿ, ಬಾಲ ಆಳವಾಗಿ ಕವಲೊಡೆದದ್ದು. ಇದೇ ಸರೋವರದಲ್ಲಿರುವ ಚಾನೆಲ್ ಕ್ಯಾಟ್‌ಫಿಶ್ ಇದರ ಹತ್ತಿರದ ಸಂಬಂಧಿ, ಅದರ ಬಾಲವೂ ಕವಲಾದದ್ದೇ. ಆದ್ದರಿಂದ ಹೊಸಬರು ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಗೈಡ್‌ಗಳು ಮೀನನ್ನು ಮಗುಚಿ ಹೊಟ್ಟೆಯ ಕೆಳಗೆ, ಬಾಲದ ಕಡೆಗಿರುವ ಉದ್ದನೆಯ ಈಜುರೆಕ್ಕೆಯನ್ನು ನೋಡುತ್ತಾರೆ. ಅದರ ಅಂಚು ಕತ್ತರಿಸಿದಂತೆ ನೇರವಾಗಿದ್ದರೆ ನೀಲಿ, ಬಿಲ್ಲಿನಂತೆ ಬಾಗಿದ್ದರೆ ಚಾನೆಲ್. ನೀಲಿ ಕ್ಯಾಟ್‌ಫಿಶ್‌ನ ಆ ರೆಕ್ಕೆಯಲ್ಲಿ 30ಕ್ಕಿಂತ ಹೆಚ್ಚು ಕಡ್ಡಿಗಳಿರುವುದು ಸಾಮಾನ್ಯ, ಚಾನೆಲ್‌ನಲ್ಲಿ ಅದಕ್ಕಿಂತ ಕಡಿಮೆ.

ಇನ್ನು ಗಾತ್ರದ ಮಾತು. 2004ರ ಜನವರಿಯಲ್ಲಿ ಇದೇ ಟೆಕ್ಸೋಮಾದಲ್ಲಿ ಕೋಡಿ ಮುಲೆನಿಕ್ಸ್ ಎಂಬುವರು ಹಿಡಿದ ಮೀನು 121.5 ಪೌಂಡ್, ಅಂದರೆ ಸುಮಾರು 55 ಕಿಲೋ ತೂಗಿ ಆಗಿನ ವಿಶ್ವದಾಖಲೆಯಾಯಿತು. ಅದನ್ನು ಕೊಲ್ಲಲಿಲ್ಲ. ಟೆಕ್ಸಸ್‌ನ ಅಥೆನ್ಸ್ ಊರಿನಲ್ಲಿರುವ ಸಿಹಿನೀರಿನ ಮೀನುಗಾರಿಕಾ ಕೇಂದ್ರದ ತೊಟ್ಟಿಗೆ ಒಯ್ದು ‘ಸ್ಪ್ಲ್ಯಾಶ್’ ಎಂದು ಹೆಸರಿಟ್ಟರು, ಅಲ್ಲಿ ಸಾರ್ವಜನಿಕರು ಅದನ್ನು ನೋಡಿದರು. ಆಮೇಲೆ ಆ ದಾಖಲೆ ಹಲವು ಬಾರಿ ಮುರಿಯಿತು. 2011ರ ಜೂನ್‌ನಲ್ಲಿ ವರ್ಜೀನಿಯಾದ ಕೆರ್ ಜಲಾಶಯದಲ್ಲಿ ಸಿಕ್ಕ ಮೀನಿನ ತೂಕ 143 ಪೌಂಡ್, ಸುಮಾರು 65 ಕಿಲೋ. ಇಂಥ ಮೀನು ನಾಲ್ಕಾರು ವರ್ಷಗಳಲ್ಲಿ ಬೆಳೆಯುವುದಿಲ್ಲ. ನೀಲಿ ಕ್ಯಾಟ್‌ಫಿಶ್ ನಿಧಾನವಾಗಿ ಬೆಳೆಯುವ ಜೀವಿ, 20 ವರ್ಷಕ್ಕೂ ಮೇಲೆ ಬದುಕಬಲ್ಲದು. 30 ಇಂಚು ಉದ್ದವಾಗಿ, ಸುಮಾರು 5 ಕಿಲೋ ತೂಗುವ ಹಂತಕ್ಕೆ ಬರುವುದಕ್ಕೇ ಅನೇಕ ಜಲಾಶಯಗಳಲ್ಲಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಬರುವ ಕಾನೂನು, ಶಿಸ್ತುಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಚಳಿಗಾಲವನ್ನೇ ಏಕೆ ಆರಿಸಿಕೊಳ್ಳುತ್ತಾರೆ? ಕ್ಯಾಟ್‌ಫಿಶ್ ಎಂದರೆ ಬೇಸಿಗೆಯ ರಾತ್ರಿ ಹಿಡಿಯುವ ಮೀನು ಎಂಬ ನಂಬಿಕೆ ಅಮೆರಿಕದಲ್ಲೂ ಹಳೆಯದು. ಫ್ಲಾಟ್‌ಹೆಡ್ ಎಂಬ ಇನ್ನೊಂದು ಜಾತಿ ನೀರು ತಣ್ಣಗಾದ ಕೂಡಲೇ ಬಹುತೇಕ ತಿನ್ನುವುದನ್ನೇ ಬಿಟ್ಟು ತಳದಲ್ಲಿ ಮಲಗಿಬಿಡುತ್ತದೆ. ನೀಲಿ ಕ್ಯಾಟ್‌ಫಿಶ್ ಹಾಗೆ ಮಾಡುವುದಿಲ್ಲ, ನೀರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗಲೂ ಬೇಟೆಯಾಡುತ್ತದೆ. ಇದರ ಮುಖ್ಯ ಆಹಾರವಾದ ಶ್ಯಾಡ್ ಎಂಬ ಸಣ್ಣ ಬೆಳ್ಳಿಮೀನುಗಳು ಚಳಿಯಲ್ಲಿ ದಟ್ಟವಾಗಿ ಗುಂಪುಗೂಡುತ್ತವೆ. ಶ್ಯಾಡ್‌ಗಳಲ್ಲೇ ಚಿಕ್ಕದಾದ ಥ್ರೆಡ್‌ಫಿನ್ ಜಾತಿಗೆ ಶೀತ ಸಹಿಸುವ ಶಕ್ತಿ ಕಡಿಮೆ. ಉತ್ತರದಿಂದ ಥಟ್ಟನೆ ಶೀತಗಾಳಿ ಬೀಸಿ ನೀರು ತೀರಾ ತಣ್ಣಗಾದರೆ ಅವು ರಾಶಿರಾಶಿಯಾಗಿ ಸತ್ತು ಮುಳುಗುತ್ತವೆ, ಆಗ ನೀಲಿ ಕ್ಯಾಟ್‌ಫಿಶ್‌ಗಳಿಗೆ ಹಬ್ಬದೂಟ. ದೊಡ್ಡ ಮೀನು ಹೆಚ್ಚಿನ ಶ್ರಮವಿಲ್ಲದೆ ಹೊಟ್ಟೆ ತುಂಬಿಸಿಕೊಳ್ಳುವ ಜಾಗದಲ್ಲೇ ನಿಲ್ಲುತ್ತದೆ. ಆದ್ದರಿಂದ ಶ್ಯಾಡ್ ಗುಂಪು ಎಲ್ಲಿದೆ ಎಂದು ಪತ್ತೆ ಮಾಡಿದವರಿಗೆ ಕ್ಯಾಟ್‌ಫಿಶ್ ಕೂಡ ಅಲ್ಲೇ ಸಿಗುತ್ತದೆ.

ಬೇಸಿಗೆಯ ಲೆಕ್ಕವೇ ಬೇರೆ. ಬಿಸಿಲಿಗೆ ಮೇಲಿನ ನೀರು ಕಾದು ಹಗುರವಾಗಿ, ಕೆಳಗಿನ ತಣ್ಣೀರಿನೊಂದಿಗೆ ಬೆರೆಯದೆ ಪದರವಾಗಿ ನಿಲ್ಲುತ್ತದೆ. ಕೆಳಪದರಕ್ಕೆ ಗಾಳಿಯ ಸಂಪರ್ಕ ತಪ್ಪಿ, ಅಲ್ಲಿ ಕೊಳೆಯುವ ಕಸ ಇದ್ದ ಆಮ್ಲಜನಕವನ್ನೂ ಹೀರಿಬಿಡುವುದರಿಂದ ಮೀನು ಅಲ್ಲಿ ಉಳಿಯಲಾರದು. ಆಗ ಆಳಕ್ಕೆ ಗಾಳ ಇಳಿಬಿಡುವುದು ವ್ಯರ್ಥ. ವಸಂತ ಮುಗಿದು ನೀರು 21 ಡಿಗ್ರಿ ದಾಟುವ ಹೊತ್ತಿಗೆ ಮೊಟ್ಟೆಯಿಡುವ ಕಾಲ ಬರುತ್ತದೆ. ಬಂಡೆಯ ಸಂದು, ಮುಳುಗಿದ ಮರದ ಪೊಟರೆ, ದಂಡೆಯ ಬಿಲಗಳಂಥ ಮರೆಗಳಲ್ಲಿ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಅದನ್ನು ಕಾಯುವ ಕೆಲಸ ಗಂಡಿನದು. ಆ ವಾರಗಳಲ್ಲಿ ದೊಡ್ಡ ಗಂಡುಮೀನುಗಳು ಎರೆಯ ಕಡೆ ತಿರುಗಿಯೂ ನೋಡದಿರುವುದು ಸಾಮಾನ್ಯ.

ಟೆಕ್ಸಸ್‌ನ ಜಲಾಶಯಗಳಲ್ಲಿ ಗೈಡ್‌ಗಳು ಗಮನಿಸುವ ಇನ್ನೊಂದು ಚಳಿಗಾಲದ ಗುರುತು ನನಗೆ ಬಹಳ ಆಸಕ್ತಿಕರವಾಗಿ ಕಂಡಿದೆ. ಉತ್ತರದಿಂದ ವಲಸೆ ಬರುವ ನೀರುಕಾಗೆಗಳು ಮುಳುಗಡೆಯಾದ ಒಣಮರಗಳ ಮೇಲೆ ನೂರಾರು ಸಂಖ್ಯೆಯಲ್ಲಿ ರಾತ್ರಿ ತಂಗುತ್ತವೆ. ಅವು ದಿನವಿಡೀ ತಿಂದದ್ದು ಶ್ಯಾಡ್ ಮೀನು. ಅವುಗಳ ಹಿಕ್ಕೆ ಮತ್ತು ಬಾಯಿಂದ ಜಾರಿದ ಮೀನಿನ ತುಣುಕುಗಳು ಕೆಳಗಿನ ನೀರಿಗೆ ಬೀಳುತ್ತಲೇ ಇರುತ್ತವೆ. ನೀಲಿ ಕ್ಯಾಟ್‌ಫಿಶ್‌ಗಳು ಇದನ್ನರಿತು ಆ ಮರಗಳಡಿ, ಕೆಲವೊಮ್ಮೆ ಎದೆಮಟ್ಟದ ನೀರಿನಲ್ಲೂ ಬಂದು ಸೇರುತ್ತವೆ. ಚಳಿಯಲ್ಲಿ ದೊಡ್ಡ ಮೀನು ಆಳದಲ್ಲೇ ಇರಬೇಕು ಎಂದು ಪುಸ್ತಕ ನೋಡಿ ಹೊರಟವರಿಗೆ ಈ ಜಾಗ ಹೊಳೆಯುವುದಿಲ್ಲ. ಅದೇ ನೀರಿನ ಮೇಲೆ ವರ್ಷಗಟ್ಟಲೆ ದೋಣಿ ನಡೆಸಿದವರು ಹಕ್ಕಿಗಳನ್ನು ನೋಡಿಯೇ ಅಲ್ಲಿಗೆ ಹೋಗುತ್ತಾರೆ.

ಗೈಡ್‌ನ ದಿನ ಗಿರಾಕಿಗಳು ಬರುವುದಕ್ಕಿಂತ ಮುಂಚೆಯೇ, ಎರೆ ಹಿಡಿಯುವುದರಿಂದ ಶುರುವಾಗುತ್ತದೆ. ಕತ್ತಲಿರುವಾಗಲೇ ದಂಡೆಯ ಹತ್ತಿರ ಬೀಸುಬಲೆ ಎಸೆದು ಗಿಜರ್ಡ್ ಶ್ಯಾಡ್ ಹಿಡಿಯಬೇಕು. ಕಿವಿರಿನ ಹಿಂದೆ ಒಂದು ಕಪ್ಪು ಚುಕ್ಕೆ, ಹೊಟ್ಟೆಯ ಅಡಿಯಲ್ಲಿ ಗರಗಸದಂಥ ಅಂಚು ಇರುವ ಈ ಮೀನು ಬಲೆಯಿಂದ ತೆಗೆದರೆ ಬೇಗ ಸಾಯುತ್ತದೆ. ಚೌಕದ ತೊಟ್ಟಿಯಲ್ಲಿ ಹಾಕಿದರೆ ಮೂಲೆಗಳಿಗೆ ಮೂತಿ ತಾಗಿಸಿಕೊಂಡು ಗಾಯ ಮಾಡಿಕೊಳ್ಳುವುದರಿಂದ, ನೀರು ಸುತ್ತುತ್ತಿರುವ, ಗಾಳಿ ಊದುವ ಪಂಪು ಇರುವ ದುಂಡನೆಯ ತೊಟ್ಟಿಯಲ್ಲೇ ಇಡುತ್ತಾರೆ. ದೋಣಿ ಜಾಗ ತಲುಪಿದ ಮೇಲೆ ಒಂದೊಂದನ್ನೇ ಹಲಗೆಯ ಮೇಲಿಟ್ಟು ಕತ್ತರಿಸುತ್ತಾರೆ. ಬಾಲದ ತುದಿಯನ್ನು ಬದಿಗೆಸೆದು, ತಲೆಯ ಭಾಗವನ್ನು ಕರುಳು ಅಂಟಿಕೊಂಡಿರುವಂತೆಯೇ ಉಳಿಸಿಕೊಂಡು, ನಡುಭಾಗವನ್ನು ಎರಡು ಬೆರಳಗಲದ ತುಂಡುಗಳನ್ನಾಗಿ ಮಾಡುತ್ತಾರೆ. ಕೈಗೆಲ್ಲ ಪೊರೆ ಮತ್ತು ಎಣ್ಣೆ ಮೆತ್ತಿಕೊಳ್ಳುತ್ತದೆ. ಆ ಎಣ್ಣೆ ಮತ್ತು ರಕ್ತಕ್ಕಾಗಿಯೇ ಈ ಕೆಲಸ. ಕ್ಯಾಟ್‌ಫಿಶ್‌ನ ಮೀಸೆಗಳಲ್ಲಷ್ಟೇ ಅಲ್ಲ, ಚರ್ಮದ ತುಂಬ ರುಚಿ ಗ್ರಹಿಸುವ ಮೊಗ್ಗುಗಳಿವೆ. ಕಲಕಿದ ನೀರಿನಲ್ಲಿ ಕಣ್ಣು ಕಾಣದಿದ್ದರೂ ಅದು ಮೈಯಿಂದಲೇ ರುಚಿಯ ಜಾಡು ಹಿಡಿದು ಬರುತ್ತದೆ. ತಂಗಳು ಎರೆಯಲ್ಲಿ ಆ ರಸ ಸೋರಿಹೋಗಿರುತ್ತದೆ. ಕೊಳೆತು ನಾರುವ ಎರೆಯೇ ಕ್ಯಾಟ್‌ಫಿಶ್‌ಗೆ ಇಷ್ಟ ಎಂಬ ಮಾತು ದೊಡ್ಡ ನೀಲಿ ಮೀನಿನ ವಿಷಯದಲ್ಲಿ ಸುಳ್ಳು. ಒಳ್ಳೆಯ ಗೈಡ್ ಅರ್ಧ ಗಂಟೆಗೊಮ್ಮೆಯಾದರೂ ತುಂಡನ್ನು ಬದಲಾಯಿಸುತ್ತಾನೆ.

ಜಾಗ ಹುಡುಕಲು ಸೋನಾರ್ ನೆರವಾಗುತ್ತದೆ. ದೋಣಿಯ ಅಡಿಯಿಂದ ಹೊರಟ ಶಬ್ದದ ಅಲೆ ತಳಕ್ಕೆ ತಾಗಿ ಮರಳುವುದನ್ನು ಅಳೆದು, ಮುಳುಗಿಹೋದ ಹಳೆಯ ನದಿಪಾತ್ರ, ಅದರ ದಡದ ಇಳಿಜಾರು, ಶ್ಯಾಡ್ ಗುಂಪು, ಅದರ ಕೆಳಗೆ ನಿಂತ ದೊಡ್ಡ ಮೀನು ಎಲ್ಲವನ್ನೂ ಪರದೆಯ ಮೇಲೆ ತೋರಿಸುತ್ತದೆ. ಆದರೆ ಪರದೆಯಲ್ಲಿ ಕಂಡ ಮೀನಿಗೆ ಹಸಿವಿದೆಯೇ ಎಂದು ಯಂತ್ರ ಹೇಳದು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನೂ ಗೈಡ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ದಿನವಿಡೀ ಒಂದೇ ದಿಕ್ಕಿನ ಗಾಳಿ ಬೀಸಿದರೆ ನೀರಿನ ಸೂಕ್ಷ್ಮ ಜೀವಿಗಳು ಎದುರು ದಂಡೆಗೆ ತಳ್ಳಲ್ಪಟ್ಟು, ಅವನ್ನು ತಿನ್ನುವ ಶ್ಯಾಡ್ ಅಲ್ಲಿಗೆ ಹೋಗಿ, ಅದರ ಹಿಂದೆ ಕ್ಯಾಟ್‌ಫಿಶ್ ಬರುತ್ತದೆ. ಮೀನು ಒಂದೆಡೆ ಗುಂಪಾಗಿದ್ದರೆ ಲಂಗರು ಹಾಕಿ ಕೂರುತ್ತಾರೆ. ಬಯಲಿನಂಥ ತಳದ ಮೇಲೆ ಚದುರಿಕೊಂಡಿದ್ದರೆ, ನಡಿಗೆಗಿಂತಲೂ ನಿಧಾನವಾಗಿ ದೋಣಿಯನ್ನು ಗಾಳಿಯೊಡನೆ ತೇಲಿಬಿಟ್ಟು, ವೇಗ ಹೆಚ್ಚದಂತೆ ನೀರಿನಲ್ಲಿ ಬಟ್ಟೆಯ ದೊಡ್ಡ ಚೀಲವೊಂದನ್ನು ಕಟ್ಟಿ ಎಳೆಯುತ್ತಾರೆ. ಹೀಗೆ ತೇಲುವಾಗ ಸೀಸದ ಗುಂಡು ತಳದಲ್ಲಿ ಎಳೆದುಕೊಂಡು ಬರುತ್ತದೆ. ಗಾಳಕ್ಕೆ ಸ್ವಲ್ಪ ಮುಂದೆ ದಾರದಲ್ಲಿ ಒಂದು ಪುಟ್ಟ ಬೆಂಡು ಕಟ್ಟಿರುವುದರಿಂದ ಎರೆ ಕೆಸರಿಗೆ ಹೂತುಹೋಗದೆ ತಳದಿಂದ ಗೇಣು ಮೇಲೆ ತೇಲುತ್ತದೆ. ದಕ್ಷಿಣ ಕೆರೊಲಿನಾದ ಸ್ಯಾಂಟಿ ಕೂಪರ್ ಸರೋವರಗಳ ಹೆಸರನ್ನೇ ಗಾಳ ಕಟ್ಟುವ ಈ ವಿಧಾನಕ್ಕೆ ಇಟ್ಟಿದ್ದಾರೆ.

ಹೊಸಬರು ಎಡವುವುದು ಗಾಳದ ವಿಷಯದಲ್ಲಿ. ಇಲ್ಲಿ ಬಳಸುವುದು ಸರ್ಕಲ್ ಹುಕ್, ಮೊನೆ ಹೊರಗೆ ಚಾಚದೆ ಒಳಕ್ಕೆ, ತನ್ನ ಕಡ್ಡಿಯ ಕಡೆಗೇ ಬಾಗಿರುವ ಗಾಳ. ಮೀನು ಎರೆ ನುಂಗಿ ಹೊರಳಿ ಹೋಗುವಾಗ ದಾರ ಬಿಗಿಯಾಗಿ, ಗಾಳ ಗಂಟಲಿನಿಂದ ಜಾರುತ್ತ ಬಂದು ಬಾಯಿಯ ಮೂಲೆಯಲ್ಲಿ ತಿರುಗಿ ಚುಚ್ಚಿಕೊಳ್ಳುತ್ತದೆ. ಇದಕ್ಕೆ ಎಳೆತ ನಿಧಾನವಾಗಿ, ಒಂದೇ ಸಮನೆ ಆಗಬೇಕು. ಕೋಲನ್ನು ಕೈಯಲ್ಲಿ ಹಿಡಿದವರು ಮೊದಲ ಕುಟುಕಿಗೇ ಜಗ್ಗಿಬಿಟ್ಟರೆ ಗಾಳ ತಿರುಗುವ ಮುನ್ನವೇ ಬಾಯಿಂದ ಹೊರಬರುತ್ತದೆ. ಅದಕ್ಕಾಗಿಯೇ ಕೋಲುಗಳನ್ನು ದೋಣಿಯ ಅಂಚಿನ ಹಿಡಿಕೆಗಳಲ್ಲಿ ಸಿಕ್ಕಿಸಿಟ್ಟಿರುತ್ತಾರೆ. ತುದಿ ಒಂದೆರಡು ಬಾರಿ ಮಿಡುಕುತ್ತದೆ. ಎಲ್ಲರೂ ಎದ್ದು ನಿಲ್ಲುತ್ತಾರೆ, ಗೈಡ್ ಮಾತ್ರ ಕೈ ಅಡ್ಡ ಹಿಡಿದು “ಮುಟ್ಟಬೇಡಿ” ಎನ್ನುತ್ತಾನೆ. ಮತ್ತೊಮ್ಮೆ ಮಿಡುಕಿ ಸುಮ್ಮನಾಗುತ್ತದೆ. ಆಮೇಲೆ ಕೋಲಿನ ತುದಿ ನಿಧಾನವಾಗಿ ಬಾಗುತ್ತ ಬಾಗುತ್ತ ನೀರನ್ನು ಮುಟ್ಟುವಷ್ಟಾಗಿ, ರೀಲಿನಿಂದ ದಾರ ಕಿರುಗುಟ್ಟುತ್ತ ಬಿಚ್ಚಿಕೊಳ್ಳತೊಡಗುತ್ತದೆ. ಗಿರಾಕಿ ಕೋಲನ್ನು ಎತ್ತಿಕೊಂಡು ಸುತ್ತಲು ಶುರುಮಾಡಬೇಕಾದದ್ದು ಆಗ. ಗಾಳ ಗಂಟಲಿಗಿಳಿಯದೆ ಬಾಯಂಚಿನಲ್ಲಿ ಸಿಕ್ಕಿಕೊಳ್ಳುವುದರಿಂದ, ಬಿಟ್ಟ ಮೇಲೆ ಆ ಮೀನು ಬದುಕುವ ಸಾಧ್ಯತೆ ಬಹಳ ಹೆಚ್ಚು.

ದೋಣಿಗೆ ತಂದ ಮೇಲೆ ಎಚ್ಚರ ಬೇಕಾದದ್ದು ಮೂರು ಮುಳ್ಳುಗಳ ಬಗ್ಗೆ. ಬೆನ್ನಿನ ರೆಕ್ಕೆಯಲ್ಲಿ ಒಂದು, ಎರಡೂ ಪಕ್ಕದ ರೆಕ್ಕೆಗಳಲ್ಲಿ ಒಂದೊಂದು ಗಟ್ಟಿ ಮುಳ್ಳಿದ್ದು, ಹೆದರಿದ ಮೀನು ಅವನ್ನು ನೆಟ್ಟಗೆ ನಿಲ್ಲಿಸಿ ಬುಡದಲ್ಲಿ ಬೀಗ ಹಾಕಿದಂತೆ ಬಿಗಿಮಾಡಿಕೊಳ್ಳುತ್ತದೆ. ನಮ್ಮ ಚೇಳುಮೀನು ಚುಚ್ಚಿಸಿಕೊಂಡವರಿಗೆ ಇದರ ನೋವಿನ ಅಂದಾಜು ಸಿಗುತ್ತದೆ. ದೊಡ್ಡ ಮೀನಾದರೆ ಅದರ ಹಿತವನ್ನೂ ನೋಡಬೇಕು. ದವಡೆಯಿಂದ ನೇತುಹಾಕಿ ತೂಗಿದರೆ ಒಳಗಿನ ಅಂಗಗಳ ಭಾರವೆಲ್ಲ ಬೆನ್ನುಮೂಳೆ ಮತ್ತು ದವಡೆಯ ಕೀಲಿನ ಮೇಲೆ ಬೀಳುತ್ತದೆ. ಹಾಗಾಗಿ ಒದ್ದೆ ಜೋಲಿಯಲ್ಲಿ ಮಲಗಿಸಿ ತೂಗುತ್ತಾರೆ, ಫೋಟೊಗೂ ಎರಡು ಕೈಯಲ್ಲಿ ಅಡ್ಡಲಾಗಿಯೇ ಹಿಡಿಯುತ್ತಾರೆ. ಕ್ಯಾಟ್‌ಫಿಶ್‌ನ ಗಾಳಿಚೀಲಕ್ಕೂ ಅನ್ನನಾಳಕ್ಕೂ ನಡುವೆ ಕೊಳವೆಯೊಂದಿದೆ. ಆಳದಿಂದ ಮೇಲೆ ಬರುವಾಗ ಉಬ್ಬುವ ಗಾಳಿಯನ್ನು ಅದು ಬಾಯಿಯ ಮೂಲಕ ಹೊರಬಿಡಬಲ್ಲದು, ಬಾಸ್ ಮೀನಿಗೆ ಈ ಅನುಕೂಲವಿಲ್ಲ. ಆದರೂ ಅವಸರದಿಂದ ಮೇಲೆಳೆದರೆ ಗಾಳಿ ಬಿಡಲು ಸಮಯ ಸಾಲದೆ ಹೊಟ್ಟೆ ಉಬ್ಬಿ ಮೀನು ಮಗುಚಿಕೊಳ್ಳುತ್ತದೆ. ಕೊನೆಯ ಹತ್ತಿಪ್ಪತ್ತು ಅಡಿಗಳಲ್ಲಿ ಗೈಡ್ “ನಿಧಾನ, ನಿಧಾನ” ಎನ್ನುವುದಕ್ಕೆ ಇದೇ ಕಾರಣ.

ಕಾನೂನಿಗೆ ಬರೋಣ. ಗೈಡ್ ತನ್ನ ಲೈಸೆನ್ಸ್ ಇಟ್ಟುಕೊಂಡಿದ್ದ ಮಾತ್ರಕ್ಕೆ ಗಿರಾಕಿಗಳಿಗೆ ವಿನಾಯಿತಿ ಸಿಗುವುದಿಲ್ಲ, ಪ್ರತಿಯೊಬ್ಬ ವಯಸ್ಕರೂ ತಮ್ಮದೇ ಮೀನುಗಾರಿಕೆ ಲೈಸೆನ್ಸ್ ಕೊಂಡಿರಬೇಕು. ಟೆಕ್ಸಸ್‌ನಲ್ಲಿ 17 ವರ್ಷದೊಳಗಿನವರಿಗೆ ಇದು ಬೇಕಿಲ್ಲ. ಸರೋವರದ ನಡುವೆ ರಾಜ್ಯದ ಗಡಿ ಹಾದುಹೋಗುವುದರಿಂದ, ಎರಡೂ ರಾಜ್ಯಗಳ ನೀರಿನಲ್ಲಿ ನಡೆಯುವ ಟೆಕ್ಸೋಮಾದ್ದೇ ಪ್ರತ್ಯೇಕ ಲೈಸೆನ್ಸ್ ಇದೆ. ದಿನಕ್ಕೆ ಒಬ್ಬರು ಇಟ್ಟುಕೊಳ್ಳಬಹುದಾದ ನೀಲಿ ಮತ್ತು ಚಾನೆಲ್ ಕ್ಯಾಟ್‌ಫಿಶ್‌ಗಳು ಒಟ್ಟು 15, ಅವುಗಳಲ್ಲಿ 30 ಇಂಚು ಅಥವಾ ಅದಕ್ಕಿಂತ ಉದ್ದದ ನೀಲಿ ಒಂದೇ ಒಂದು. ಈ ನಿಯಮಗಳನ್ನು ಆಗಾಗ ಪರಿಷ್ಕರಿಸುವುದರಿಂದ ಹೊರಡುವ ಮುನ್ನ ಆ ವರ್ಷದ ನಿಯಮವನ್ನು ನೋಡಿಕೊಳ್ಳಬೇಕು. ನನ್ನ ದೃಷ್ಟಿಯಲ್ಲಿ ಆ ಒಂದನ್ನೂ ಬಿಟ್ಟುಬಿಡುವುದೇ ಸರಿ. ಹತ್ತಕ್ಕೂ ಹೆಚ್ಚು ವರ್ಷ ಬದುಕಿದ ಮೀನನ್ನು ತೆಗೆದರೆ ಆ ಸ್ಥಾನ ತುಂಬಲು ಮತ್ತೆ ಅಷ್ಟೇ ವರ್ಷ ಬೇಕು. ದೊಡ್ಡ ಹೆಣ್ಣುಮೀನು ಇಡುವ ಮೊಟ್ಟೆಗಳ ಸಂಖ್ಯೆಯೂ ಹೆಚ್ಚು. ಗೈಡ್‌ನ ಜೀವನೋಪಾಯವಂತೂ ನೇರವಾಗಿ ಈ ಹಳೆಯ ಮೀನುಗಳ ಮೇಲೇ ನಿಂತಿದೆ, ಏಕೆಂದರೆ ಇವತ್ತು ಬಿಟ್ಟ ಮೀನನ್ನೇ ಮುಂದಿನ ವರ್ಷ ಬೇರೆ ಯಾರೋ ಹಿಡಿಯಬಹುದು.

ಕನ್ನಡನಾಡಿಗೆ ಈ ಪದ್ಧತಿ ಹೊಸದಲ್ಲ. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿ ನದಿಯಲ್ಲಿ ಹಿಡಿದ ಮಹಶೀರ್ ಮೀನಿನ ತೂಕ 120 ಪೌಂಡ್, ಟೆಕ್ಸೋಮಾದ ಆ ಮೀನಿಗೆ ಹೆಚ್ಚುಕಡಿಮೆ ಸಮ. ಮುಂದೆ ಕಾವೇರಿಯ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಶಿಬಿರಗಳಲ್ಲಿ ಸುತ್ತಲಿನ ಹಳ್ಳಿಗಳವರು, ಅವರಲ್ಲಿ ಮೊದಲು ಕದ್ದು ಮೀನು ಹಿಡಿಯುತ್ತಿದ್ದವರೂ ಕೆಲವರು, ಗೈಡ್‌ಗಳಾಗಿ ಹರಿಗೋಲಿನಲ್ಲಿ ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದರು. ಎರೆಯಾಗಿ ರಾಗಿಹಿಟ್ಟಿನ ಉಂಡೆ ಬಳಸುತ್ತಿದ್ದರು, ಹಿಡಿದ ಮಹಶೀರನ್ನು ತೂಗಿ, ಬರೆದಿಟ್ಟುಕೊಂಡು, ನದಿಗೆ ಬಿಡುವುದು ಅಲ್ಲಿನ ನಿಯಮವಾಗಿತ್ತು. ವನ್ಯಜೀವಿ ಧಾಮದೊಳಗೆ ಗಾಳ ಹಾಕುವುದು ಈಗ ನಿಂತಿದೆ. ಆದರೆ ಆ ಶಿಬಿರಗಳ ಲೆಕ್ಕದ ಪುಸ್ತಕಗಳಿಂದಲೇ ಒಂದು ಮುಖ್ಯ ಸತ್ಯ ಹೊರಬಂದಿತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತ ಹೋದಂತೆ, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕಡಿಮೆಯಾಗುತ್ತ ಬಂದದ್ದು ಅಲ್ಲಿ ದಾಖಲಾಗಿತ್ತು. ಆ ಮೀನಿಗೆ ಟಾರ್ ರೇಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ, ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಾಗಿತ್ತು.

ನೀಲಿ ಕ್ಯಾಟ್‌ಫಿಶ್ ಕೂಡ ತನ್ನ ನೆಲೆಯ ಹೊರಗೆ ಇಂಥದೇ ಹಾನಿ ಮಾಡಿದೆ. 1970 ಮತ್ತು 80ರ ದಶಕಗಳಲ್ಲಿ ವರ್ಜೀನಿಯಾದ ಜೇಮ್ಸ್, ರಪಹಾನಕ್ ಮುಂತಾದ ನದಿಗಳಲ್ಲಿ ಗಾಳದವರ ಅನುಕೂಲಕ್ಕೆಂದು ಇದನ್ನು ಬಿಟ್ಟರು. ಉಪ್ಪು ಬೆರೆತ ನೀರನ್ನೂ ಸಹಿಸಿಕೊಳ್ಳುವ ಈ ಮೀನು ಚೆಸಪೀಕ್ ಕೊಲ್ಲಿಯ ಉಪನದಿಗಳಲ್ಲೆಲ್ಲ ಹರಡಿ, ಅಲ್ಲಿನ ನೀಲಿ ಏಡಿ ಮತ್ತು ಸ್ಥಳೀಯ ಮೀನುಗಳನ್ನು ತಿಂದುಹಾಕುತ್ತಿದೆ. ಅಲ್ಲಿ ಹಿಡಿದದ್ದನ್ನು ನೀರಿಗೆ ಬಿಡದೆ ತಿನ್ನಿ ಎಂದು ಸರ್ಕಾರವೇ ಪ್ರೋತ್ಸಾಹಿಸುತ್ತಿದೆ. ಹೀಗಾಗಿ ಬಿಡಬೇಕೇ, ಬೇಡವೇ ಎಂಬ ಪ್ರಶ್ನೆಗೆ ಎಲ್ಲ ಕಡೆಗೂ ಒಂದೇ ಉತ್ತರವಿಲ್ಲ. ಟೆಕ್ಸೋಮಾದಲ್ಲಿ ಅದು ತನ್ನ ಮೂಲ ನೆಲೆಯಲ್ಲೇ ಇದೆ, ಹಳೆಯ ಮೀನನ್ನು ಉಳಿಸಬೇಕು ಎಂಬ ಮಾತು ಅಲ್ಲಿಗೆ ಅನ್ವಯಿಸುತ್ತದೆ.

ಗೈಡ್‌ನನ್ನು ಆರಿಸುವಾಗ ಎಷ್ಟು ಮೀನು ಹಿಡಿಸಿಕೊಡುತ್ತೀರಿ ಎಂದು ಕೇಳುವುದಕ್ಕಿಂತ ಯಾವ ಹವಾಮಾನದಲ್ಲಿ ಪ್ರವಾಸ ರದ್ದು ಮಾಡುತ್ತೀರಿ ಎಂದು ಕೇಳುವುದು ಹೆಚ್ಚು ಉಪಯುಕ್ತ. ಟೆಕ್ಸೋಮಾ ತೆರೆದ ಬಯಲಿನ ನೀರು. ಚಳಿಗಾಲದ ಉತ್ತರದ ಗಾಳಿ ಒಂದು ಗಂಟೆಯೊಳಗೆ ಅದನ್ನು ಅಲೆಗಳಿಂದ ತುಂಬಿಬಿಡಬಲ್ಲದು, ಆ ತಣ್ಣೀರಿಗೆ ಬಿದ್ದವರ ಉಸಿರು ಕ್ಷಣದಲ್ಲಿ ಕಟ್ಟಿ ಕೈಕಾಲು ಬೇಗ ಸೋಲುತ್ತವೆ. 13 ವರ್ಷದೊಳಗಿನ ಮಕ್ಕಳು ಚಲಿಸುವ ಸಣ್ಣ ದೋಣಿಯಲ್ಲಿ ಲೈಫ್ ಜಾಕೆಟ್ ತೊಟ್ಟಿರಲೇಬೇಕೆಂದು ಟೆಕ್ಸಸ್ ಕಾನೂನು ಹೇಳುತ್ತದೆ. ಚಳಿಗಾಲದಲ್ಲಿ ದೊಡ್ಡವರೂ ತೊಟ್ಟುಕೊಳ್ಳುವುದು ವಿವೇಕ. ಈಜು ಬಾರದವರು ಅದನ್ನು ಮೊದಲೇ ಗೈಡ್‌ಗೆ ತಿಳಿಸಬೇಕು, ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಮುಂಗಡ ಹಣ ಹಿಂದಿರುಗಿಸುವ ಕ್ರಮ, ಮೀನು ಸ್ವಚ್ಛ ಮಾಡಿಕೊಡುವುದು ದರದಲ್ಲಿ ಸೇರಿದೆಯೇ ಎಂಬುದು, ದೊಡ್ಡ ಮೀನು ಬಿಡುವ ಬಗ್ಗೆ ಗೈಡ್‌ನ ನಿಲುವು, ಇವು ಕೇಳಬೇಕಾದ ಉಳಿದ ಪ್ರಶ್ನೆಗಳು. ದೊಡ್ಡ ಮೀನು ಬಿಡುವುದು ತನ್ನ ದೋಣಿಯ ನಿಯಮ ಎಂದು ಮೊದಲೇ ಹೇಳುವವರೊಂದಿಗೆ ಹೋಗುವುದು ಒಳ್ಳೆಯದು.

ಮನೆಗೆ ಒಯ್ಯಲು ಒಂದೂವರೆ, ಎರಡು ಕಿಲೋದ ಮೀನುಗಳೇ ಉತ್ತಮ. ಹಲವು ವರ್ಷ ಬೇರೆ ಮೀನುಗಳನ್ನು ತಿಂದು ಬೆಳೆದ ಮೀನಿನ ದೇಹದಲ್ಲಿ ಪಾದರಸದಂಥ ವಿಷವಸ್ತುಗಳು ಸೇರಿಕೊಳ್ಳುವ ಸಂಭವ ಹೆಚ್ಚು, ಅದರ ಮಾಂಸವೂ ಒರಟು. ಸಣ್ಣ ಮೀನನ್ನು ಹಿಡಿದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು, ದಂಡೆಗೆ ಬಂದ ಮೇಲೆ ಚರ್ಮ ಸುಲಿದು ಎರಡೂ ಬದಿಯ ತುಂಡುಗಳನ್ನು ಬಿಡಿಸುತ್ತಾರೆ. ಆ ತುಂಡುಗಳ ಹೊರಮೈಯಲ್ಲಿ, ಪಕ್ಕದ ಗೆರೆಯ ಉದ್ದಕ್ಕೂ ಕೆಂಪು ಮಾಂಸದ ಒಂದು ಪಟ್ಟಿ ಇರುತ್ತದೆ. ಕೆಸರು ವಾಸನೆ ಎಂದು ಜನ ದೂರುವುದು ಹೆಚ್ಚಾಗಿ ಈ ಪಟ್ಟಿಯಿಂದ ಬರುವ ವಾಸನೆಯನ್ನೇ. ಹರಿತವಾದ ಚಾಕುವಿನಿಂದ ಅದನ್ನು ಪೂರ್ತಿ ಕೆತ್ತಿ ತೆಗೆದು, ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಟ್ಟರೆ ಉಳಿಯುವುದು ಗಟ್ಟಿಯಾದ, ಮುಳ್ಳಿಲ್ಲದ ಬಿಳಿ ಮಾಂಸ. ಟೆಕ್ಸಸ್‌ನವರು ಅದನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿಯ ಮಸಾಲೆ ಹಚ್ಚಿ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಕಾಯಿಸುವುದಕ್ಕೂ ಅದು ಚೆನ್ನಾಗಿ ಒಗ್ಗುತ್ತದೆ, ತುಂಡು ಒಡೆಯುವುದಿಲ್ಲ.